ಕಿಟಕಿಯಲ್ಲಿ ಮಾಗುವ ಬಣ್ಣ

ನಮ್ಮ ಆಸ್ಪತ್ರೆಯಲ್ಲಿ ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಉಳಿದವರಿಗೆಲ್ಲ ಆಕೆ ಬಣ್ಣದಕ್ಕ. ನಾನು ಪಕ್ಕದ ಕೋಣೆಯಲ್ಲಿ ವರದಿ ಟೈಪ್ ಮಾಡುತ್ತಿದ್ದವಳು. ನಮ್ಮಿಬ್ಬರ ನಡುವೆ ಒಂದು ಗಾಜಿನ ಬಾಗಿಲಿತ್ತು, ಅದೂ ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಹಾಗಾಗಿ ಇದರಲ್ಲಿ ಹೆಚ್ಚಿನದು ಕಣ್ಣಾರೆ ಕಂಡದ್ದು, ಉಳಿದದ್ದು ಬಾಗಿಲ ಸಂದಿಯಿಂದ ಕೇಳಿಸಿದ್ದು.

ಆಪರೇಷನ್ ಮಾಡಿ ತೆಗೆದ ಗಂಟಿನ ಚೂರನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಕತ್ತರಿಸಿ ಗಾಜಿನ ಮೇಲೆ ಅಂಟಿಸುತ್ತಾರೆ. ಆಗ ಏನೂ ಕಾಣುವುದಿಲ್ಲ. ನೀರು ಒಣಗಿದ ಕಲೆಯ ಹಾಗಿರುತ್ತದೆ. ಬಣ್ಣ ಹತ್ತಿಸಿದರೆ ಮಾತ್ರ ಡಾಕ್ಟರಿಗೆ ಒಂದೊಂದು ಜೀವಕೋಶದ ಒಡಲೂ ಕಾಣುತ್ತದೆ. ಆ ಬಣ್ಣ ಬರುವುದು ಒಂದು ಮರದ ಚೇಗಿನಿಂದ, ಕಾಂಡದ ನಟ್ಟನಡುವಿನ ಗಟ್ಟಿ ಭಾಗದಿಂದ. ಡಬ್ಬಿಯಲ್ಲಿ ಪುಡಿಯಾಗಿ ಬಂದಾಗ ಅದು ಮಾಸಲು ಹಳದಿ. ಅಕ್ಕ ಅದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಪಟಿಕದ ನೀರು ಬೆರೆಸಿ, ಸೀಸೆಯ ಬಾಯಿಗೆ ಹತ್ತಿ ಇಟ್ಟು, ಬಿಸಿಲು ಬೀಳುವ ಕಿಟಕಿಯಲ್ಲಿ ಆರೆಂಟು ವಾರ ಬಿಡುತ್ತಿದ್ದಳು. ಗಾಳಿ, ಬೆಳಕು ಕುಡಿದು ಅದು ಮಾಗಬೇಕು. ಮಾಗಿತೋ ಇಲ್ಲವೋ ನೋಡಲು ಒಂದು ಲೋಟ ನಲ್ಲಿ ನೀರಿಗೆ ಒಂದು ಹನಿ. ಬಿದ್ದ ಕೂಡಲೇ ನೇರಳೆಯಾದರೆ ಸರಿ. ಕಂದಾಗಿಯೇ ನಿಂತರೆ ಇನ್ನೂ ಎಳಸು. ಪಕ್ಕದಲ್ಲೇ ಸಣ್ಣ ಸೀಸೆಯಲ್ಲಿ ಕಡುಗೆಂಪು ಬಣ್ಣ ಇರುತ್ತಿತ್ತು. ಅದು ಕಳ್ಳಿಗಿಡದ ಮೇಲೆ ಬದುಕುವ ಹುಳುವಿನದು, ಲೋಳೆ ತುಂಬಿದ ಜೀವಕೋಶಗಳನ್ನು ತೋರಿಸಲು.

"ಒಂದು ಮರ, ಒಂದು ಹುಳ. ಇವೆರಡೂ ಇಲ್ಲದಿದ್ರೆ ಎಂಥಾ ಡಾಕ್ಟರಾದ್ರೂ ಕುರುಡನೇ," ಅನ್ನುತ್ತಿದ್ದಳು.

ಸೀಸೆ ತೊಳೆಯುವ ಕೆಲಸಕ್ಕೆ ಬಂದವಳು, ಹಿಂದಿನ ತಂತ್ರಜ್ಞರ ಕೈಕೆಳಗೆ ನೋಡಿ ನೋಡಿ ಕಲಿತಳು. ಅವರು ನಿವೃತ್ತರಾದಾಗ ಕೆಲಸ ತಾನಾಗಿ ಇವಳ ಹೆಗಲಿಗೆ ಬಿತ್ತು. ಬೆರಳ ತುದಿಗಳು ಸದಾ ನೇರಳೆ. ಮನೆಗೆ ನೆಂಟರು ಬಂದ ದಿನ ನಾದಿನಿ, "ಅತ್ತಿಗೆ, ಕೈ ಸ್ವಲ್ಪ ಸೆರಗಲ್ಲಿ ಮುಚ್ಕೊಳ್ಳಿ," ಅಂದಳಂತೆ. ಅಕ್ಕ ಎರಡು ಕೈಯಲ್ಲೂ ತಟ್ಟೆ ಹಿಡಿದು ಹೊರಗೆ ಬಂದು, "ಕದ್ದ ಬಣ್ಣ ಅಲ್ಲಮ್ಮ, ದುಡಿದ ಬಣ್ಣ," ಅಂದಳಂತೆ.

ಆ ವರ್ಷ ಹೊಸ ವ್ಯವಸ್ಥಾಪಕರು ಬಂದರು. ಕಿಟಕಿಯ ಸೀಸೆಗಳನ್ನು ಕಂಡು ಹುಬ್ಬು ಗಂಟಿಕ್ಕಿದರು.

"ಇದೇನು, ಅಂಗಡಿ ಇಟ್ಟಿದೀರಾ?"

"ಬಣ್ಣ ಮಾಗ್ತಿದೆ ಸರ್."

"ಎರಡು ತಿಂಗಳು ಕಾಯೋ ಕಾಲ ಹೋಯ್ತು. ರೆಡಿಮೇಡ್ ತರಿಸ್ತೀನಿ."

ಮುಂದಿನ ವಾರ ಬಿಳಿ ಕ್ಯಾನುಗಳು ಬಂದವು. ಅಕ್ಕ ಅವರೆದುರಿಗೇ ಲೋಟದ ನೀರಿಗೆ ಒಂದು ಹನಿ ಬಿಟ್ಟಳು. ನೀರು ತೆಳು ಚಹಾದಂತೆ ಕಂದಾಗಿ ನಿಂತಿತು.

"ರೆಡಿಮೇಡಲ್ಲೂ ಒಳ್ಳೇದಿರುತ್ತೆ ಸರ್, ನಾನೇ ಬಳಸಿದೀನಿ. ಇದು ಅದಲ್ಲ. ಇದು ಹತ್ತಲ್ಲ."

"ಹಾಗೆ ಹೇಳೋಕೆ ನೀವೇನು ಓದಿದೀರಿ?"

"ಏಳನೇ ಕ್ಲಾಸು. ಈ ಲೋಟ ನೋಡೋಕೆ ಅದೂ ಬೇಡ, ಕಣ್ಣಿದ್ರೆ ಸಾಕು."

ಬಾಗಿಲ ಈಚೆ ನಾನು ಟೈಪ್ ಮಾಡುವುದನ್ನು ನಿಲ್ಲಿಸಿದೆ. ಆ ಸಂಜೆ, ಅಕ್ಕ ಮನೆಗೆ ಹೋದ ಮೇಲೆ, ವ್ಯವಸ್ಥಾಪಕರು ಕಿಟಕಿಯ ಸೀಸೆಗಳನ್ನೆಲ್ಲ ಸಿಂಕಿಗೆ ಸುರಿಸಿದರು.

ಬೆಳಿಗ್ಗೆ ಬಂದವಳು ನೇರಳೆಯಾದ ಸಿಂಕನ್ನು ನೋಡಿದಳು. ಆದೇಶದಂತೆ ಕ್ಯಾನಿನ ಬಣ್ಣವನ್ನೇ ಬಳಸಿ ಅಂದಿನ ನಲವತ್ತು ಸ್ಲೈಡುಗಳನ್ನೂ ಮುಗಿಸಿದಳು. ಆಮೇಲೆ ಪೆನ್ಸಿಲ್ ಹಿಡಿದು ಒಂದೊಂದರ ಚೀಟಿಯ ಮೇಲೂ ಬರೆದಳು: "ಬಣ್ಣ ಹತ್ತಿಲ್ಲ. ನಂಬಬೇಡಿ."

ನಮ್ಮ ಡಾಕ್ಟರು ಒಳ್ಳೆಯವರು, ಆದರೆ ಪುಕ್ಕಲು. "ಸ್ವಲ್ಪ ಹೊಂದ್ಕೊಂಡು ಹೋಗಮ್ಮ," ಅಂದರು.

"ನಾನು ಹೊಂದ್ಕೋತೀನಿ ಸರ್. ಗಂಟು ಹೊಂದ್ಕೊಳ್ಳುತ್ತಾ?"

ಚೀಟಿಗಳ ಮೇಲೆ ಹಾಗೆ ಬರೆದದ್ದಕ್ಕೆ ಎರಡೇ ದಿನದಲ್ಲಿ ವಿಚಾರಣೆ. ಮೇಜಿನ ಆಚೆ ವ್ಯವಸ್ಥಾಪಕರು, ಪಕ್ಕದಲ್ಲಿ ಡಾಕ್ಟರು, ಬರೆದುಕೊಳ್ಳಲು ನಾನು. ಅಕ್ಕ ಕೈಯಲ್ಲಿ ಮೈಕ್ರೋಸ್ಕೋಪ್ ಎತ್ತಿಕೊಂಡೇ ಒಳಗೆ ಬಂದಳು. ಮೇಣದ ಒಲೆಯ ಹಿಂದಿದ್ದ, ಮಾಗಿದ ಬಣ್ಣದ ಒಂದು ಸೀಸೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಂದೇ ಗಂಟಿನಿಂದ ಎರಡು ಪೊರೆ ತೆಗೆದು, ಒಂದಕ್ಕೆ ಕ್ಯಾನಿನ ಬಣ್ಣ, ಇನ್ನೊಂದಕ್ಕೆ ಸೀಸೆಯದು ಹತ್ತಿಸಿದ್ದಳು.

ವ್ಯವಸ್ಥಾಪಕರು ಬಗ್ಗಿ ನೋಡಿ, "ಎರಡೂ ಒಂದೇ ಥರ ಇವೆ," ಅಂದರು.

"ನಿಮ್ಮ ತಾಯಿಯದಾಗಿದ್ರೆ ಯಾವುದನ್ನ ಓದಿಸ್ತಿದ್ರಿ ಸರ್?"

ಡಾಕ್ಟರು ಕನ್ನಡಕ ತೆಗೆದರು, ನೋಡಿದರು, ಸ್ಲೈಡ್ ಬದಲಿಸಿದರು, ಮತ್ತೆ ನೋಡಿದರು. ಅವರ ಕಿವಿ ಕೆಂಪಾಯಿತು. "ಕ್ಯಾನಿನದನ್ನ ನಾನು ಓದಲ್ಲ," ಅಂದರು, ನೆಲ ನೋಡುತ್ತಾ. ಆಮೇಲೆ ತಲೆಯೆತ್ತಿ ಇನ್ನೊಮ್ಮೆ ಹೇಳಿದರು. "ಓದಲ್ಲ. ಸಹಿಯೂ ಹಾಕಲ್ಲ."

ಕ್ಯಾನುಗಳು ವಾಪಸ್ ಹೋದವು. ಆದರೆ ಶಿಸ್ತು ಶಿಸ್ತೇ ತಾನೇ? ಕ್ಷಮೆ ಕೇಳಿ ಪತ್ರ ಕೊಡುವವರೆಗೆ ಹಳೆ ಕಡತಗಳ ಕೋಣೆಗೆ ಹೋಗಿ ಕೂತಿರಿ ಎಂದು ಅಕ್ಕನಿಗೆ ಆದೇಶವಾಯಿತು. ಹೋಗಿ ಕೂತಳು. ಇತ್ತ ಬೇರೆ ವಾರ್ಡಿನಿಂದ ಕರೆಸಿದವನು ಪೊರೆ ಕತ್ತರಿಸಲು ಹೋಗಿ ಮೇಣವನ್ನೆಲ್ಲ ಪುಡಿಪುಡಿ ಮಾಡಿದ. ಮೂರನೇ ದಿನ ಡಾಕ್ಟರೇ ಮೆಟ್ಟಿಲಿಳಿದು ಕಡತಗಳ ಕೋಣೆಯ ಬಾಗಿಲಲ್ಲಿ ನಿಂತರು.

"ಬಾಮ್ಮ."

"ಪತ್ರ ಕೊಟ್ಟಿಲ್ಲ ಸರ್. ಕೊಡೋದೂ ಇಲ್ಲ."

"ನಾನು ಪತ್ರ ಕೇಳಿದ್ನಾ?"

ಆ ನಲವತ್ತು ಚೂರುಗಳಿಂದಲೂ ಮತ್ತೆ ಪೊರೆ ಕತ್ತರಿಸಿ, ಉಳಿದಿದ್ದ ಒಂದೇ ಸೀಸೆಯಿಂದ ಬಣ್ಣ ಹತ್ತಿಸಿದಳು. ಅದರಲ್ಲಿ ಒಂದು ಸ್ಲೈಡನ್ನು ಡಾಕ್ಟರು ಬಹಳ ಹೊತ್ತು ನೋಡಿದರು. ಒಬ್ಬ ಬಸ್ ಡ್ರೈವರನ ಕುತ್ತಿಗೆಯ ಗಂಟು. ಕ್ಯಾನಿನ ಬಣ್ಣದ ಮಸುಕು ಸ್ಲೈಡಿನಲ್ಲಿ ಏನೂ ಕಂಡಿರಲಿಲ್ಲ, ಇದರಲ್ಲಿ ಕ್ಯಾನ್ಸರ್ ಕಂಡಿತು. ಉಳಿದದ್ದನ್ನೆಲ್ಲ ಬದಿಗಿಟ್ಟು ಆ ವರದಿಯನ್ನು ಮೊದಲು ಟೈಪ್ ಮಾಡಿದೆ. ಮರುದಿನವೇ ಅವನನ್ನು ಕರೆಸಿದರು. ಬೇಗ ಗೊತ್ತಾದ್ದರಿಂದ ಬದುಕಿಕೊಂಡ.

ವ್ಯವಸ್ಥಾಪಕರು ಮಾತ್ರ ಪತ್ರದ ಹಟ ಬಿಡಲಿಲ್ಲ. ಮೂರು ಸಲ ನನ್ನಿಂದಲೇ ಟೈಪ್ ಮಾಡಿಸಿದರು. ಮೊದಲನೆಯದರಲ್ಲಿ "ಕ್ಷಮೆ ಕೋರುತ್ತೇನೆ", ಎರಡನೆಯದರಲ್ಲಿ "ವಿಷಾದಿಸುತ್ತೇನೆ". ಮೂರನೆಯದು ಎಷ್ಟು ಮೆತ್ತಗಿತ್ತೆಂದರೆ ಏನು ಹೇಳುತ್ತಿದೆ ಅನ್ನುವುದೇ ನನಗೆ ತಿಳಿಯಲಿಲ್ಲ.

"ಅಕ್ಕಾ, ಇದಕ್ಕಾದ್ರೂ ಸಹಿ ಹಾಕಿಬಿಡಿ. ಬಡ್ತಿ ನಿಂತುಹೋಗುತ್ತೆ," ಅಂದೆ.

ಅವಳು ನನ್ನ ಪಕ್ಕ ಸ್ಟೂಲ್ ಎಳೆದು ಕೂತಳು. "ಹೊಸ ಹಾಳೆ ಹಾಕು. ನಾನು ಹೇಳ್ತೀನಿ, ನೀನು ಹೊಡಿ."

ಹೊಡೆದೆ. ಎರಡೇ ಸಾಲು. "ಬಣ್ಣ ಹತ್ತದಿದ್ದುದಕ್ಕೆ ಹತ್ತಿಲ್ಲ ಎಂದು ಬರೆದೆ. ನಾಳೆಯೂ ಹತ್ತದಿದ್ದರೆ ನಾಳೆಯೂ ಹಾಗೆಯೇ ಬರೆಯುತ್ತೇನೆ."

ಅದಕ್ಕೆ ಸಹಿ ಹಾಕಿ, ತಾನೇ ಒಯ್ದು ವ್ಯವಸ್ಥಾಪಕರ ಮೇಜಿನ ಮೇಲಿಟ್ಟು ಬಂದಳು. ಬಡ್ತಿ ಕೊನೆಗೂ ಬರಲಿಲ್ಲ. ಪತ್ರ ಮಾತ್ರ ಈಗಲೂ ಅವಳ ಕಡತದಲ್ಲಿದೆ.