ಕೆಂಚಮ್ಮನ ಬೆನ್ನಿಗೆ ಕೊಟ್ಟ ಸೂಜಿ

ಐ.ಡಿ.ಹಳ್ಳಿಯಲ್ಲಿ ಕೆಂಚಮ್ಮ ಒಂದು ಕಡೆ ಕೂತದ್ದನ್ನು ಕಂಡವರು ಕಡಿಮೆ. ಐವತ್ತೆಂಟು ವರ್ಷವಾದರೂ ಮೂವತ್ತು ಕುರಿಗಳ ಹಿಂದೆ ದಿನವಿಡೀ ಅಲೆಯುವ ಹೆಂಗಸು. ಕಳೆದ ಕಾರ್ತೀಕದಲ್ಲಿ ಒಂದು ಬೆಳಗ್ಗೆ ಮೇವು ಹಾಕಲು ಬಗ್ಗಿದ್ದಾಗ ಮನೆಯ ಟಗರೇ ಓಡಿ ಬಂದು ಪಕ್ಕೆಗೆ ಗುಮ್ಮಿತು. ಕುರಿರೊಪ್ಪದ ಕಲ್ಲುಗೋಡೆಗೆ ಬಡಿದು ಬಿದ್ದಳು.

ಮಧುಗಿರಿಯಲ್ಲಿ ಎಕ್ಸ್‌ರೇ ತೆಗೆದು, ನಾಲ್ಕು ಪಕ್ಕೆಲುಬು ಮುರಿದಿವೆ ಎಂದು ತುಮಕೂರಿಗೆ ಕಳಿಸಿದರು. ಅಲ್ಲಿ ವಾರ್ಡಿನಲ್ಲಿ ಅವಳಿಗೆ ಮಲಗಲೂ ಆಗದು, ಕೂರಲೂ ಆಗದು. ಉಸಿರನ್ನು ಅರ್ಧಕ್ಕೇ ತಡೆದು ತಡೆದು ಎಳೆಯುತ್ತಿದ್ದಳು. ಎದೆಯಲ್ಲಿ ಕಫ ಗೊರಗೊರ ಅನ್ನುತ್ತಿತ್ತು, ಕೆಮ್ಮಲು ಹೆದರಿಕೆ. ಅದರ ನಡುವೆಯೂ ಸೊಸೆ ಲಕ್ಷ್ಮೀದೇವಿಗೆ ಗಳಿಗೆಗೊಂದು ಅಪ್ಪಣೆ: "ಫೋನ್ ಮಾಡಿ ಕೇಳೇ, ನಿಮ್ಮಾವ ಕುರಿಗೆ ನೀರು ಕುಡಿಸಿದ್ರಾ ಅಂತ."

"ಕುಡಿಸವ್ರೆ, ಸುಮ್ಕೆ ಮಲಗು ಅತ್ತೆ."

"ಮತ್ತೊಂದ್ಸಲ ಕೇಳು."

ಮಾರನೆಯ ದಿನ ಅರಿವಳಿಕೆ ಡಾಕ್ಟರು ಮಾನಸ ಬಂದರು. "ಅಮ್ಮ, ನೀವು ಹಿಂಗೇ ಕೆಮ್ಮದೆ ಇದ್ರೆ ಕಫ ಒಳಗೇ ಕಟ್ಟಿ ನ್ಯುಮೋನಿಯಾ ಆಗುತ್ತೆ. ಮಾತ್ರೆ ಸಾಲ್ತಿಲ್ಲ. ಬೆನ್ನಿಗೊಂದು ಇಂಜೆಕ್ಷನ್ ಕೊಡ್ತೀನಿ, ಆ ಪಕ್ಕೆ ಮಾತ್ರ ಮರಗಟ್ಟುತ್ತೆ."

ಬೆನ್ನು ಅಂದದ್ದೇ ತಡ, ಕೆಂಚಮ್ಮ ತಲೆ ಕೊಡವಿದಳು. "ಬ್ಯಾಡ ಕಣಮ್ಮ. ನಮ್ಮ ವಾರಗಿತ್ತಿಗೆ ಆಪರೇಷನ್‌ನಾಗೆ ಬೆನ್ನಿಗೆ ಚುಚ್ಚಿದ್ರು. ಇವತ್ಗೂ ಸೊಂಟ ಹಿಡ್ಕಂಡೇ ಓಡಾಡ್ತಾಳೆ."

ಡಾಕ್ಟರು ಲಕ್ಷ್ಮೀದೇವಿಯ ಬೆನ್ನು ತಿರುಗಿಸಿ ಬೆರಳಿಟ್ಟು ತೋರಿಸಿದರು. "ಅದು ಇಲ್ಲಿ, ಬೆನ್ನುಮೂಳೆಯ ಒಳಗೆ ಕೊಡೋದು. ನಾನು ಕೊಡೋದು ಎರಡು ಬೆರಳು ಪಕ್ಕಕ್ಕೆ, ಮಾಂಸಖಂಡದ ಕೆಳಗೆ. ಸ್ಕ್ಯಾನಿಂಗ್‌ನಲ್ಲಿ ಸೂಜಿ ನೋಡ್ಕೊಂಡೇ ಹಾಕ್ತೀನಿ."

ಅಷ್ಟರಲ್ಲಿ ಕೆಂಚಮ್ಮನಿಗೆ ಸೀನು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಇಡೀ ವಾರ್ಡು ಬೆಚ್ಚುವಂತೆ ಕಿರುಚಿಕೊಂಡಳು. ಕಣ್ಣೀರು ಒರೆಸಿಕೊಂಡು, "ಅದೇನ್ ಚುಚ್ತೀಯೋ ಚುಚ್ಚವ್ವ" ಅಂದಳು.

ಸೂಜಿ ಹಾಕಿ, ಕೂದಲೆಳೆಯಂಥ ಕೊಳವೆಯೊಂದನ್ನು ಒಳಗೇ ಬಿಟ್ಟು ಅಂಟುಪಟ್ಟಿ ಹಾಕಿದರು. ಅದರ ಮೂಲಕ ಔಷಧಿ ಸಣ್ಣಗೆ ಇಳಿಯುತ್ತಿತ್ತು. ಅರ್ಧ ಗಂಟೆ ಕಳೆದು ಡಾಕ್ಟರು ಭುಜಕ್ಕೂ ಪಕ್ಕೆಗೂ ಸ್ಪಿರಿಟ್ ಹತ್ತಿ ಸವರಿ, "ತಣ್ಣಗಿದೆಯಾ?" ಎಂದರು.

"ಭುಜದ್ ತಾವ ತಣ್ಣಗೈತೆ. ಇಲ್ಲಿ ಏನೂ ಇಲ್ಲ."

"ಈಗ ಕೆಮ್ಮಿ."

ಹೆದರುತ್ತಲೇ ಕೆಮ್ಮಿದಳು. ಇನ್ನೊಮ್ಮೆ ಜೋರಾಗಿ ಕೆಮ್ಮಿ ಕಫ ಉಗಿದಳು. ಆಮೇಲೆ ಎದೆತುಂಬ ಉಸಿರೆಳೆದು, "ಉಸ್ರು ಇಷ್ಟುದ್ದ ಐತೆ ಅನ್ನೋದೇ ಮರ್ತೋಗಿತ್ತು ಕಣಮ್ಮ" ಅಂದಳು.

ಫಜೀತಿಯಾದದ್ದು ಮರುದಿನ. ನೋವಿಲ್ಲ ಎಂದಮೇಲೆ ವಾಸಿಯಾಯಿತೆಂದೇ ಅವಳ ಲೆಕ್ಕ. ಸೊಸೆ ಇಡ್ಲಿ ತರಲು ಹೋದದ್ದೇ ಎದ್ದು ಹೊದಿಕೆ ಮಡಚಿದಳು, ಬ್ಯಾಗು ತುಂಬಿದಳು, ನೀರಿನ ಕ್ಯಾನು ಎತ್ತಲು ಬಗ್ಗಿದಳು. ಕೊಳವೆ ಮಂಚದ ಸರಳಿಗೆ ಸಿಕ್ಕಿ ಕಿತ್ತು ಬಂತು. ಸೊಸೆ ಬೈದಾಳೆಂದು ಅದನ್ನು ದಿಂಬಿನಡಿ ಬಚ್ಚಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಪಕ್ಕೆಯಲ್ಲಿ ಮತ್ತೆ ಚೂರಿ ಆಡತೊಡಗಿತು.

"ಲೇ ಲಕ್ಷ್ಮಿ, ಆ ಡಾಕ್ಟ್ರಮ್ಮನ್ನ ಕರಿಯೇ!"

ಮಾನಸ ಬಂದು ದಿಂಬಿನಡಿಯ ಕೊಳವೆ ನೋಡಿದರು. "ನೋವು ಹೋಗಿತ್ತಷ್ಟೆ, ಅಮ್ಮ. ಮೂಳೆ ಕೂಡೋಕೆ ಇನ್ನೂ ಆರು ವಾರ ಬೇಕು."

"ನೋವೇ ಇಲ್ದಿದ್ರೆ ಮುರ್ದೈತೆ ಅಂತ ನಂಗೆಂಗೆ ಗೊತ್ತಾಗ್ಬೇಕು?"

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಮತ್ತೆ ಸೂಜಿ ತರಿಸಿದರು. ಈ ಸಲ ಕೆಂಚಮ್ಮ ಯಾರೂ ಹೇಳುವ ಮೊದಲೇ ಸೆರಗು ಸರಿಸಿ ಬೆನ್ನು ತಿರುಗಿಸಿ ಕೂತಳು.

ಆರನೆಯ ದಿನ ಕೊಳವೆ ತೆಗೆದು ಮನೆಗೆ ಕಳಿಸಿದರು. ಅಳಿದುಳಿದ ನೋವಿಗೆ ಮಾತ್ರೆ ಸಾಕಾಯಿತು. ಆರು ವಾರ ಲಕ್ಷ್ಮೀದೇವಿ ಅವಳನ್ನು ಅಂಗಳ ದಾಟಗೊಡಲಿಲ್ಲ. ಕೆಂಚಮ್ಮ ಜಗಲಿಯ ಈ ತುದಿಯಿಂದ ಆ ತುದಿಗೆ ತಿರುಗುತ್ತ, ಕುರಿ ಮೇಯಿಸಲು ಹೊರಟ ಗಂಡನಿಗೆ ಇದ್ದಲ್ಲಿಂದಲೇ ಕೂಗಿ ಕೂಗಿ ದಾರಿ ಹೇಳುತ್ತಿದ್ದಳು.