ಕೂರಲಾರದ ದರ್ಜಿ

ಕೂತು ದುಡಿಯುವವನಿಗೆ ಕೂರುವ ಜಾಗದಲ್ಲೇ ಕಂಟಕ ಬಂದರೆ ಯಾರ ಮುಂದೆ ಹೇಳಿಕೊಳ್ಳುವುದು? ನಮ್ಮ ದರ್ಜಿ ಯಾರಿಗೂ ಹೇಳಲಿಲ್ಲ. ಮಲದ್ವಾರದಲ್ಲಿ ಸೀಳು ಬಿದ್ದು ತಿಂಗಳುಗಳೇ ಆಗಿದ್ದರೂ ಹೆಂಡತಿಯ ಹತ್ತಿರ "ಸೊಂಟ ಹಿಡ್ಕೊಂಡಿದೆ ಕಣೇ" ಎನ್ನುತ್ತಿದ್ದ. ಪಾಪ, ಅವಳು ಸೊಂಟಕ್ಕೆ ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು! ಅಂಗಡಿಯಲ್ಲಿ ಬಟ್ಟೆ ಕತ್ತರಿಸುವುದು, ಗುಂಡಿ ಹಚ್ಚುವುದು ಎಲ್ಲ ನಿಂತೇ. ಹೊಲಿಗೆ ಯಂತ್ರ ಧೂಳು ತಿನ್ನುತ್ತಿತ್ತು.

ಸಂಡಾಸಿನಲ್ಲಿ ಗಾಜಿನ ಚೂರು ಹೊರಬಂದಷ್ಟು ನೋವು. ತಿಂದರೆ ತಾನೇ ಹೋಗಬೇಕು ಎಂದು ಮಹಾಶಯ ಊಟವನ್ನು ಅರ್ಧಕ್ಕಿಳಿಸಿದ, ನೀರನ್ನೂ ಕಡಿಮೆ ಮಾಡಿದ. ಮಲ ಕಲ್ಲಾಯಿತು, ಸೀಳು ಇನ್ನಷ್ಟು ಹರಿಯಿತು. ಬಟ್ಟೆಯಲ್ಲಿ ರಕ್ತ ಕಂಡ ದಿನ ಹೆಂಡತಿ ಅವನನ್ನು ಆಸ್ಪತ್ರೆಗೆ ಎಳೆದುಕೊಂಡೇ ಹೋದಳು.

ಅಲ್ಲಿ ಕೊಟ್ಟ ಮುಲಾಮನ್ನು ವಾರಗಟ್ಟಲೆ ಹಚ್ಚಿದರೂ ಗಾಯ ಮಾಯಲಿಲ್ಲ.

"ಒಳಗಿನ ಸ್ನಾಯು ತುಂಬಾ ಬಿಗಿಯಾಗಿದೆ. ಒಂಚೂರು ಕೊಯ್ದು ಸಡಿಲ ಮಾಡಿದ್ರೆ ಗಾಯ ಮಾಯುತ್ತೆ," ಎಂದರು ಡಾಕ್ಟರಮ್ಮ.

ದರ್ಜಿ ತನ್ನ ಕಸುಬಿನ ಭಾಷೆಯಲ್ಲೇ ಕೇಳಿದ. "ಹೊಲಿಗೆ ಜಾಸ್ತಿ ಬಿಚ್ಚಿದ್ರೆ ಪ್ಯಾಂಟೇ ಜಾರುತ್ತಲ್ಲಾ ಮೇಡಂ. ಆಮೇಲೆ ತಡ್ಕೊಳ್ಳೋಕೇ ಆಗದಿದ್ರೆ?"

ಅವರು ನಗಲಿಲ್ಲ. "ಕೆಲವರಿಗೆ ಸ್ವಲ್ಪ ದಿನ ಗಾಳಿ ತಡೆಯೋದು ಕಷ್ಟ ಆಗುತ್ತೆ. ಹೆಚ್ಚಿನವರಿಗೆ ಅದೂ ಸರಿಹೋಗುತ್ತೆ. ಮುಂದೆ ತೊಂದರೆ ಉಳಿಯೋದು ಅಪರೂಪ."

ಕೊನೆಗೂ ಆಪರೇಷನ್ನಿಗೆ ಒಪ್ಪಿದ. ದಿನವಿಡೀ ಸೂಜಿ ಹಿಡಿಯುವವನು ಬೆನ್ನಿಗೆ ಕೊಟ್ಟ ಅರಿವಳಿಕೆಯ ಸೂಜಿಗೆ ಕಣ್ಣು ಮುಚ್ಚಿಕೊಂಡ. ಸೊಂಟದ ಕೆಳಗೆಲ್ಲ ಮರಗಟ್ಟಿತು. ಇನ್ನೂ ಶುರುವಾಗಿಲ್ಲವೇ ಎಂದು ಕೇಳುವಷ್ಟರಲ್ಲಿ ಮುಗಿದಿತ್ತು! ಸಂಜೆಗೇ ಮನೆ. ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರುವುದು, ಸೊಪ್ಪು, ಹಣ್ಣು, ಚೊಂಬುಗಟ್ಟಲೆ ನೀರು, ಮಲ ಮೆತ್ತಗಾಗುವ ಔಷಧಿ.

"ಹಸಿವಿಲ್ಲ ಕಣೇ."

"ಹಸಿವಿಲ್ವೋ, ಧೈರ್ಯ ಇಲ್ವೋ? ಸುಮ್ನೆ ತಿನ್ರಿ."

ಮರುದಿನ ಬೆಳಗ್ಗೆ ಆ ಗಳಿಗೆ ಬಂದೇಬಿಟ್ಟಿತು. ಅವನು ಒಳಗೆ, ಅವಳು ಬಾಗಿಲ ಹೊರಗೆ. ಎಷ್ಟು ಹೊತ್ತಾದರೂ ಸದ್ದಿಲ್ಲ.

"ರೀ, ಇದೀರಾ?"

"ಆಯ್ತು ಕಣೇ!"

"ನೋವು?"

"ಉರಿ ಇದೆ, ಚೂರು ರಕ್ತಾನೂ ಬಂತು, ಡಾಕ್ಟರಮ್ಮ ಹೇಳಿದ್ರಲ್ಲ. ಆದ್ರೆ ಆ ಗಾಜು ಇಲ್ಲ ಕಣೇ. ಹೋಯ್ತು!" ಹೊರಬಂದವನ ಕಣ್ಣಲ್ಲಿ ನೀರು. ಅವಳೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೆಲವು ವಾರ ಕಳೆದ ಮೇಲೆ ಅವನು ಯಂತ್ರದ ಧೂಳು ಕೊಡವಿ, ಉಸಿರು ಬಿಗಿಹಿಡಿದು, ಮೆಲ್ಲಗೆ ಕೂತ. ಏನೂ ಆಗಲಿಲ್ಲ. ಕಾಲು ತಾನಾಗಿಯೇ ತುಳಿಯತೊಡಗಿತು.

ಊಟದ ಡಬ್ಬಿ ತಂದ ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು.

"ಸೊಂಟ ಹೇಗಿದೇರೀ?"

ದರ್ಜಿ ಕಿವಿಯವರೆಗೂ ಕೆಂಪಾದ. "ತುಂಬಿಸ್ಕೊಂಡು ಬಂದಿದೀಯಾ ತಾನೇ ಡಬ್ಬೀನ?" ಎಂದ. ಅವಳು ಮುಚ್ಚಳ ತೆಗೆದಳು, ಅವನು ಕೂತಲ್ಲಿಯೇ ಪೂರ್ತಿ ಉಂಡ.