ಬೆಣ್ಣೆ ಸಾರಿ ಬಿಟ್ಟಿದ್ದು

ಮನೆಯ ಫ್ರಿಜ್ಜೋ ವಾಷಿಂಗ್ ಮಷೀನೋ ಕೆಟ್ಟಾಗ ಜನ ಫೋನು ಮಾಡಿ ಯಾರನ್ನೋ ಬಯ್ಯುತ್ತಾರಲ್ಲ, ಆ ಬೈಸಿಕೊಳ್ಳುವವರು ನಾವು. ಕಂಪನಿಯ ದೂರು ವಿಭಾಗ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಸಾಲಾಗಿ ಕೂರುತ್ತೇವೆ. ನನ್ನ ಪಕ್ಕದ ಕುರ್ಚಿಯವಳಿಗೆ ನಾವಿಟ್ಟ ಹೆಸರು ಬೆಣ್ಣೆ. ಎಂಥ ಸಿಡುಕು ಗಿರಾಕಿಯನ್ನೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಂಭಾಳಿಸುತ್ತಿದ್ದಳು. ಅವಳ ಅಸ್ತ್ರ ಒಂದೇ, “ಸಾರಿ ಸರ್.” ಮಾತಿಗೆ ಮುಂಚೆ ಸಾರಿ, ಮಾತು ಮುಗಿದ ಮೇಲೆ ಸಾರಿ. ಮಂಡಿ ತಾಗಿದರೆ ಮೇಜಿಗೂ ಸಾರಿ. ಕೇಳಿ ಕೇಳಿ ನನಗೆ ಮೈ ಉರಿಯುತ್ತಿತ್ತು.

ಅವಳು ಬಸುರಿಯಾದದ್ದೇ ತಡ, ಮನೆಯವರೆಲ್ಲ ಮೇಷ್ಟ್ರುಗಳಾದರು. ಹೊಟ್ಟೆಯಲ್ಲಿರುವಾಗಲೇ ಕಲಿಸಿದರೆ ಮಗು ಚುರುಕಾಗುತ್ತದೆಂದು ಯಾರೋ ಅತ್ತೆಯ ತಲೆಗೆ ತುಂಬಿದ್ದರು. ಅತ್ತೆ ಬೆಳಗಾದರೆ ಸೊಸೆಯ ಹೊಟ್ಟೆಯ ಮುಂದೆ ಕೂತು ಮಗ್ಗಿ ಹೇಳುವರು. ಗಂಡ ಗೋಡೆಗೆ ಬಣ್ಣ ಬಳಿಯುವವನು. ಅಂಗಡಿಯ ಶೇಡ್ ಕಾರ್ಡನ್ನು ಹೊಟ್ಟೆಗೆ ಹಿಡಿದು, “ನೋಡು, ಇದು ತಿಳಿನೀಲಿ, ಇದು ಕಡುನೀಲಿ” ಎನ್ನುವನು.

“ಒಳಗೆಲ್ಲಾ ಕತ್ತಲೆ ಅಣ್ಣ, ಅದಕ್ಕೆ ಯಾವ ನೀಲಿ?” ಎಂದು ಬೆಣ್ಣೆ ನನ್ನ ಹತ್ತಿರ ನಕ್ಕಳು. ಆಮೇಲೆ ಮುಖ ಸಣ್ಣದು ಮಾಡಿಕೊಂಡಳು. “ಆದ್ರೆ ಕಿವಿ ಕೇಳುತ್ತಂತೆ, ಡಾಕ್ಟರೇ ಹೇಳಿದ್ರು. ಅತ್ತೆ ಮಗ್ಗಿ ಸ್ವಲ್ಪ ಹೊತ್ತು. ಇಡೀ ದಿನ ಅದು ಕೇಳೋದು ನನ್ನ ಸಾರಿನೇ ಅಲ್ವಾ? ಏನೂ ಮಾಡ್ದೇನೇ ತಪ್ಪೊಪ್ಕೊಳ್ಳೋದು ಕಲ್ತು ಬಂದ್ರೆ? ನನ್ನ ಥರಾನೇ ಆಗ್ಬಿಟ್ರೆ?”

ಐವತ್ತು ದಾಟಿದ ಬೋಳುತಲೆಯ ಗಂಡಸು ನಾನು, ಬಸುರಿಗೆ ಏನು ಬುದ್ಧಿ ಹೇಳಲಿ? “ಹಾಗಾದ್ರೆ ಹೇಳ್ಬೇಡ ತಾಯಿ,” ಎಂದುಬಿಟ್ಟೆ.

ಅವಳು ನಿಜವಾಗಿಯೂ ಬಿಟ್ಟಳು. ಅಂದೇ ಮಧ್ಯಾಹ್ನ ಒಬ್ಬ ವಾಷಿಂಗ್ ಮಷೀನಿನವನು ಕಿರುಚಿದ್ದು ನನ್ನ ಕುರ್ಚಿಯವರೆಗೂ ಕೇಳಿಸಿತು. ಬೆಣ್ಣೆ ಬಾಯಿಗೆ ಬಂದ ಸಾರಿಯನ್ನು ನುಂಗಿಕೊಂಡು, “ಸ್ವಲ್ಪ ಮೆಲ್ಲಗೆ ಸರ್. ಮಗು ಕೇಳಿಸ್ಕೊಳ್ತಾ ಇದೆ,” ಎಂದಳು.

ಯಾವ ಮಗು ಎಂದು ಆತ ಕೇಳಿದನಂತೆ. “ಹೊಟ್ಟೇಲಿರೋದು ಸರ್.” ಆಮೇಲೆ ಆತ ಪಿಸುದನಿಯಲ್ಲಿ ತನ್ನ ಮಷೀನು ನೀರು ಸೋರುವ ಕಥೆ ಹೇಳಿ ಫೋನಿಟ್ಟ.

ಇಂಥ ಮಂತ್ರ ಕೈಗೆ ಸಿಕ್ಕಮೇಲೆ ನಾವು ಬಿಡುತ್ತೇವೆಯೇ? ಕೆಲವೇ ದಿನಗಳಲ್ಲಿ ಇಡೀ ಸಾಲು, ಮದುವೆಯೇ ಆಗದವರೂ ಸೇರಿ, “ಮೆಲ್ಲಗೆ, ಮಗು ಇದೆ” ಎನ್ನತೊಡಗಿತು. ನಾನೂ ಹೇಳಿದೆ. ನನ್ನ ಗೊಗ್ಗರು ದನಿ ಕೇಳಿ ಒಬ್ಬ ಗಿರಾಕಿ ಹೆಂಗಸು, “ಎಷ್ಟು ತಿಂಗಳು?” ಎಂದರು. “ಏಳು,” ಎಂದೆ, ಒಂಚೂರೂ ನಾಚದೆ.

ನಮ್ಮ ಸಾಹೇಬರು ಕರೆಗಳ ರೆಕಾರ್ಡಿಂಗ್ ಕೇಳುವವರು. ನನ್ನ ಬಸಿರಿನ ಸುದ್ದಿಯೂ ಅವರ ಕಿವಿಗೆ ಬಿತ್ತು. ಇದೆಲ್ಲ ಎಲ್ಲಿಂದ ಶುರುವಾಯಿತೆಂದು ಕೆದಕಿ ಬೆಣ್ಣೆಯನ್ನು ಕೋಣೆಗೆ ಕರೆಸಿದರು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

“ಆ ವಾಷಿಂಗ್ ಮಷೀನ್ ಗಿರಾಕಿಗೆ ಸಾರಿ ಹೇಳಿ. ಇಲ್ದಿದ್ರೆ ನಾಳೆಯಿಂದ ನೀವು ಬರೋದೇ ಬೇಡ,” ಎಂದು ಸಾಹೇಬರು ತಾವೇ ನಂಬರು ಒತ್ತಿ ಸ್ಪೀಕರ್ ಹಾಕಿದರು.

ಬೆಣ್ಣೆಯ ಮುಖ ಬಿಳಿಚಿತು. ಮಳೆ ಶುರುವಾದರೆ ಬಣ್ಣದವನಿಗೆ ಕೆಲಸವಿಲ್ಲ, ಆಗೆಲ್ಲ ಮನೆಯ ಒಲೆ ಉರಿಯುವುದು ಇವಳ ಸಂಬಳದಲ್ಲೇ. ಹೇಳಿಬಿಡು ತಾಯಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅವಳು ಎರಡೂ ಅಂಗೈಯಿಂದ ಹೊಟ್ಟೆಯನ್ನು ಅಲ್ಲಿ ಇಲ್ಲಿ ಮುಚ್ಚಿ ನೋಡಿದಳು, ಒಳಗಿನದರ ಕಿವಿ ಎಲ್ಲಿದೆಯೆಂದು ತಿಳಿಯದೆ.

ಆ ಕಡೆಯಿಂದ ಹಲೋ ಎಂದದ್ದೇ ಫೋನಿನತ್ತ ಬಾಗಿದಳು. “ಸರ್, ಅವತ್ತು ಫೋನಲ್ಲಿ... ಮಗು ಅಂತ...”

“ಅಯ್ಯೋ, ನೀವೇನಮ್ಮಾ!” ಎಂದಿತು ಸ್ಪೀಕರಿನಲ್ಲಿ ಆ ಗಿರಾಕಿಯ ದನಿ. “ಅವತ್ತಿಂದ ನಮ್ಮ ಮನೆಯವಳು ನನ್ನ ಹತ್ರ ಸರಿಯಾಗಿ ಮಾತೇ ಆಡ್ತಿಲ್ಲ. ಬಸುರಿ ಹೆಂಗಸಿನ ಮೇಲೆ ಹಾಗಾ ಕೂಗಾಡೋದು ಅಂತ. ತಪ್ಪಾಯ್ತಮ್ಮ. ಸಾರಿ.”

ನಮ್ಮ ಫೋನಿನಲ್ಲಿ ಆ ಮಾತು ಆ ಕಡೆಯಿಂದ ಬಂದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಬೆಣ್ಣೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅವಳು ಸಾಹೇಬರ ಮೇಜಿನ ಫೋನನ್ನೇ ಎತ್ತಿ ಹೊಟ್ಟೆಗೆ ಆನಿಸಿಕೊಂಡಳು.

“ಸರ್,” ಎಂದಳು, “ಇನ್ನೊಂದು ಸಾರಿ ಹೇಳಿ. ಮಗುಗೆ ಸರಿಯಾಗಿ ಕೇಳಿಸ್ಲಿಲ್ಲ.”